ಕ್ರಿಸ್‌ಮಸ್‌ಗೆ ನಿಮ್ಮ ಪುಟ್ಟ ಆನ್‌ಲೈನ್ ಅಂಗಡಿಯನ್ನು ಅಣಿ ಮಾಡುವುದು ಹೇಗೆ

ನಾನು ಕ್ಯಾಂಡಲ್ ಮಾಡಿ ಮಾರುತ್ತೇನೆ. ಗಾಜಿನ ಲೋಟದಲ್ಲಿ ಎರೆದ ಪರಿಮಳದ ಕ್ಯಾಂಡಲ್‌ಗಳು, ಉದ್ದನೆಯ ಮೇಣದಬತ್ತಿಗಳು, ಜೊತೆಗೆ ಒಂದಿಷ್ಟು ಕಾಗದದ ನಕ್ಷತ್ರಗಳು. ಎಲ್ಲವೂ ವೆಬ್‌ಸೈಟ್ ಮೂಲಕವೇ ಹೋಗಬೇಕು, ಬೇರೆ ಅಂಗಡಿ ಇಲ್ಲ. ವರ್ಷದ ವ್ಯಾಪಾರದ ದೊಡ್ಡ ಪಾಲು ಆಗುವುದು ಕ್ರಿಸ್‌ಮಸ್ ಮುಂಚಿನ ವಾರಗಳಲ್ಲಿ. ನಿಮ್ಮದೂ ಇಂಥದ್ದೇ ಒಬ್ಬರೋ ಇಬ್ಬರೋ ನಡೆಸುವ ಅಂಗಡಿಯಾದರೆ ಇದು ನಿಮಗಾಗಿ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಬೇರೆ ತಿಂಗಳಲ್ಲಿ ಪಾರ್ಸೆಲ್ ಎರಡು ದಿನ ತಡವಾದರೆ ಜನ ಸುಮ್ನೆ ಕಾಯುತ್ತಾರೆ. ಕ್ರಿಸ್‌ಮಸ್‌ಗೆ ಕೊಡಬೇಕಾದ ಉಡುಗೊರೆ ಡಿಸೆಂಬರ್ 26ಕ್ಕೆ ಬಂದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಹಾಗಾಗಿ ಸೀಸನ್‌ನ ತಯಾರಿ ಶುರುವಾಗುವುದು ಬ್ಯಾನರ್‌ನಿಂದಲೂ ಅಲ್ಲ, ಡಿಸ್ಕೌಂಟ್‌ನಿಂದಲೂ ಅಲ್ಲ. ಕ್ಯಾಲೆಂಡರ್‌ನಿಂದ.

ಕೊನೆಯ ಆರ್ಡರ್ ದಿನ ಗೊತ್ತುಮಾಡಿ

25ರಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. 2026ರಲ್ಲಿ ಕ್ರಿಸ್‌ಮಸ್ ಬರುವುದು ಶುಕ್ರವಾರ. ಪಾರ್ಸೆಲ್ 24ಕ್ಕೆ ತಲುಪಿದರೆ ಸಾಲದು. ಎಷ್ಟೋ ಜನ ಅಷ್ಟರಲ್ಲಿ ಊರಿಗೆ ಹೊರಟಿರುತ್ತಾರೆ. ಆದ್ದರಿಂದ ಬುಧವಾರ 23ಕ್ಕೆ ಗ್ರಾಹಕರ ಕೈಯಲ್ಲಿರಬೇಕು ಅಂತ ಇಟ್ಟುಕೊಳ್ಳಿ. ನಿಮ್ಮ ಕೊರಿಯರ್ ನಾಲ್ಕು ಕೆಲಸದ ದಿನ ತೆಗೆದುಕೊಳ್ಳುತ್ತದೆ, ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ ಅಂದರೆ, ಗುರುವಾರ 17ಕ್ಕೆ ನೀವು ಪಾರ್ಸೆಲ್ ಕೊಟ್ಟಿರಬೇಕು. ಪ್ಯಾಕಿಂಗ್‌ಗೆ ಎರಡು ದಿನ: 15, 16. ಒಟ್ಟಿಗೆ ಆರ್ಡರ್ ಮುಗಿಬಿದ್ದರೆ ಸುಧಾರಿಸಿಕೊಳ್ಳಲು ಒಂದು ದಿನ: 14. ಅಲ್ಲಿಗೆ ಕೊನೆಯ ಆರ್ಡರ್ ದಿನ ಭಾನುವಾರ, ಡಿಸೆಂಬರ್ 13.

ಇಷ್ಟು ಬೇಗನಾ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿದ ಪ್ರತಿ ವರ್ಷವೂ ನನಗೆ ಹಾಗೇ ಅನ್ನಿಸುತ್ತದೆ. ಆದರೂ ಆ ದಿನವನ್ನು ಮುಂದಕ್ಕೆ ತಳ್ಳುವುದಿಲ್ಲ. ಇನ್ನೂ ಎರಡು ದಿನ ಅಂಗಡಿ ತೆರೆದಿಟ್ಟರೆ ಸಿಗುವ ಲಾಭಕ್ಕಿಂತ, ಹೊತ್ತಿಗೆ ಸರಿಯಾಗಿ ಬಂತು ಅನ್ನುವ ಹೆಸರು ನನಗೆ ಮುಖ್ಯ. ಮುಂದಿನ ವರ್ಷ ಅದೇ ಗ್ರಾಹಕರು ವಾಪಸ್ ಬರುವುದು ಆ ಹೆಸರಿಗಾಗಿ.

ಅಂಚೆ ಇಲಾಖೆಗಳೂ ಕೊರಿಯರ್ ಕಂಪನಿಗಳೂ ಕ್ರಿಸ್‌ಮಸ್‌ಗೆ ಮುಂಚೆ ತಮ್ಮ ಕೊನೆಯ ದಿನಾಂಕಗಳ ಪಟ್ಟಿ ಪ್ರಕಟಿಸುತ್ತವೆ. ಅದನ್ನು ಹುಡುಕಿ ಓದಿ. ಹೊರದೇಶಕ್ಕೆ ಕಳಿಸುವವರಾದರೆ ದೇಶ ದೇಶಕ್ಕೂ ದಿನಾಂಕ ಬೇರೆ. ಕಸ್ಟಮ್ಸ್‌ನಲ್ಲಿ ಪಾರ್ಸೆಲ್ ಎಷ್ಟು ದಿನ ಕೂರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ನಾನು ಹೊರದೇಶದ ಆರ್ಡರ್‌ಗಳನ್ನು ನವೆಂಬರ್‌ನಲ್ಲೇ ನಿಲ್ಲಿಸಿಬಿಡುತ್ತೇನೆ. ಹೆಸರು ಬರೆಸುವ, ಬಣ್ಣ ಆರಿಸುವ ವಸ್ತುಗಳಿಗೆ ಮಾಡುವ ದಿನಗಳೂ ಸೇರುತ್ತವೆ. ಅವಕ್ಕೆ ಬೇರೆಯೇ ಒಂದು ಕೊನೆಯ ದಿನ ಬೇಕು.

ನನ್ನಂಥ ಕ್ಯಾಂಡಲ್ ವ್ಯಾಪಾರಿಗಳಿಗೆ ಇನ್ನೊಂದು ದಿನಾಂಕವೂ ಇದೆ: ಅಡ್ವೆಂಟ್. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಒಂದೊಂದಾಗಿ ಬತ್ತಿ ಹಚ್ಚುವ ಪದ್ಧತಿ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. 2026ರಲ್ಲಿ ಅದು ನವೆಂಬರ್ 29. ಮೂರು ನೇರಳೆ, ಒಂದು ಗುಲಾಬಿ ಬಣ್ಣದ ಬತ್ತಿಯ ಸೆಟ್ ಹೆಚ್ಚು ಹೋಗುತ್ತದೆ. ಕೆಲವರು ನಾಲ್ಕೂ ಕೆಂಪು ಕೇಳುತ್ತಾರೆ. ನಡುವೆ ಇಡಲು ಒಂದು ಬಿಳಿ ಬತ್ತಿ ಬೇಕು ಅನ್ನುವವರೂ ಇದ್ದಾರೆ. ಈ ಸೆಟ್ ಡಿಸೆಂಬರ್ ಮಾಲಲ್ಲ. ನವೆಂಬರ್ ಮಧ್ಯದೊಳಗೆ ಹೊರಟಿರಬೇಕು. ಡಿಸೆಂಬರ್ 1ರಿಂದ ದಿನಕ್ಕೊಂದು ಕಿಟಕಿ ತೆರೆಯುವ ಅಡ್ವೆಂಟ್ ಕ್ಯಾಲೆಂಡರ್ ಮಾರುವವರಿಗೂ ಇದೇ ಮಾತು. ನಿಮ್ಮ ವಸ್ತು ಯಾವ ದಿನ ಬಳಕೆಗೆ ಬರುತ್ತದೆ ಅಂತ ಮೊದಲು ಯೋಚಿಸಿ. ಮರದ ಅಲಂಕಾರ, ಗ್ರೀಟಿಂಗ್ ಕಾರ್ಡ್, ಉಡುಗೊರೆ ಸುತ್ತುವ ಕಾಗದ, ಇವೆಲ್ಲ 25ಕ್ಕಿಂತ ಎಷ್ಟೋ ಮುಂಚೆಯೇ ಬೇಕಾಗುವ ವಸ್ತುಗಳು.

ಹಾಗೆಯೇ, ರಷ್ಯಾ, ಸರ್ಬಿಯಾದಂಥ ಕಡೆ ಹಳೆಯ ಜೂಲಿಯನ್ ಕ್ಯಾಲೆಂಡರ್ ಪಾಲಿಸುವ ಆರ್ಥೊಡಾಕ್ಸ್ ಚರ್ಚ್‌ಗಳ ಕ್ರಿಸ್‌ಮಸ್ ಬರುವುದು ಜನವರಿ 7ಕ್ಕೆ. ಅಂಥ ಗ್ರಾಹಕರಿದ್ದರೆ ನಿಮ್ಮ ಸೀಸನ್ 25ಕ್ಕೆ ಮುಗಿಯುವುದಿಲ್ಲ.

ದಿನ ಗೊತ್ತಾದ ಮೇಲೆ ಅದನ್ನು ಬಚ್ಚಿಡಬೇಡಿ. ಮುಖಪುಟದ ಮೇಲ್ಭಾಗದಲ್ಲಿ, ಪ್ರತಿ ವಸ್ತುವಿನ ಪುಟದಲ್ಲಿ, ಹಣ ಕಟ್ಟುವ ಪುಟದಲ್ಲಿ, ಮೂರೂ ಕಡೆ ಬರೆಯಿರಿ. ‘ಬೇಗ ಆರ್ಡರ್ ಮಾಡಿ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಡಿಸೆಂಬರ್ 13, ಭಾನುವಾರ ರಾತ್ರಿ 12ರೊಳಗೆ ಆರ್ಡರ್ ಮಾಡಿದರೆ ಕ್ರಿಸ್‌ಮಸ್‌ಗೆ ಮುಂಚೆ ತಲುಪುತ್ತದೆ’ ಅಂತ ದಿನ, ವಾರ, ಗಂಟೆ ಸಮೇತ ಹಾಕಿ. ಬೇರೆ ಬೇರೆ ದೇಶದ ಗ್ರಾಹಕರಿದ್ದರೆ ಆ 12 ಗಂಟೆ ಎಲ್ಲಿಯದು ಅನ್ನುವುದೂ ಇರಲಿ.

ಮಾಲು, ಡಬ್ಬಿ, ಟೇಪು

ಕಳೆದ ವರ್ಷದ ಆರ್ಡರ್ ಪಟ್ಟಿ ಇದ್ದರೆ ತೆಗೆದು ವಾರವಾರು ನೋಡಿ. ಒಟ್ಟು ಎಷ್ಟು ಹೋಯಿತು ಅನ್ನುವುದಕ್ಕಿಂತ ಯಾವ ವಾರ ಯಾವುದು ಹೋಯಿತು ಅನ್ನುವುದು ಮುಖ್ಯ. ಸಾಮಾನ್ಯವಾಗಿ ಕೈಬೆರಳಲ್ಲಿ ಎಣಿಸುವಷ್ಟು ವಸ್ತುಗಳೇ ಹೆಚ್ಚಿನ ವ್ಯಾಪಾರ ಕೊಟ್ಟಿರುತ್ತವೆ. ಅವನ್ನು ಜಾಸ್ತಿ ಮಾಡಿ. ಎಂದೋ ಒಂದು ಹೋಗುವ ಬಣ್ಣಗಳನ್ನು ಡಿಸೆಂಬರ್ ಮಟ್ಟಿಗೆ ಪುಟದಿಂದ ತೆಗೆದುಬಿಡಿ. ಗ್ರಾಹಕರಿಗೆ ಆರಿಸುವುದು ಸುಲಭ, ನಿಮಗೆ ಮಾಡುವುದು ಸುಲಭ. ಇದು ಮೊದಲ ವರ್ಷವಾದರೆ ಇನ್ನೂ ಕಡಿಮೆ ಬಗೆ ಇಟ್ಟುಕೊಂಡು, ಇದ್ದದ್ದನ್ನು ಚೆನ್ನಾಗಿ ತುಂಬಿಸಿಕೊಳ್ಳಿ.

ಕಚ್ಚಾ ಮಾಲನ್ನು ಯಾವಾಗ ಮತ್ತೆ ತರಿಸಬೇಕು ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ದಿನಕ್ಕೆ ಎಷ್ಟು ಖರ್ಚಾಗುತ್ತದೆ, ಸರಬರಾಜುದಾರರಿಂದ ಬರಲು ಎಷ್ಟು ದಿನ, ಇವೆರಡನ್ನು ಗುಣಿಸಿ, ಮೇಲೆ ಒಂದಿಷ್ಟು ಸೇರಿಸಿ. ದಿನಕ್ಕೆ 6 ಲೋಟ ಹೋಗುತ್ತದೆ, ಹೊಸದು ಬರಲು 12 ದಿನ ಬೇಕು ಅಂದರೆ 72. ತಡವಾದೀತು ಅಂತ ಇನ್ನೊಂದು 20 ಸೇರಿಸಿದರೆ 92. ಕಪಾಟಿನಲ್ಲಿ 92 ಲೋಟ ಉಳಿದಾಗಲೇ ಫೋನ್ ಮಾಡಬೇಕು. ಡಿಸೆಂಬರ್‌ನ ದಿನದ ಲೆಕ್ಕವನ್ನು ಇಲ್ಲಿ ಹಾಕಿ, ಆಗಸ್ಟ್‌ನದ್ದಲ್ಲ. ನಿಮ್ಮ ಸರಬರಾಜುದಾರರಿಗೂ ಇದು ಸೀಸನ್ನೇ, ಅವರೂ ತಡ ಮಾಡುತ್ತಾರೆ.

ಕೈಯಿಂದ ಮಾಡುವ ವಸ್ತುಗಳಿಗೆ ಅವುಗಳದ್ದೇ ಒಂದು ಸಮಯ ಇರುತ್ತದೆ, ಅದನ್ನು ಮರೆಯಬೇಡಿ. ಸೋಯಾ ಮೇಣದ ಕ್ಯಾಂಡಲ್ ಎರೆದ ಮರುದಿನವೇ ಗಟ್ಟಿಯಾಗಿ ಕಾಣುತ್ತದೆ. ಆದರೆ ಒಂದೆರಡು ವಾರ ಹಾಗೇ ಬಿಟ್ಟರೆ ಹಚ್ಚಿದಾಗ ಪರಿಮಳ ಚೆನ್ನಾಗಿ ಹರಡುತ್ತದೆ. ಅಂದರೆ ಡಿಸೆಂಬರ್ 13ರ ಆರ್ಡರ್‌ಗೆ ಹೋಗುವ ಕ್ಯಾಂಡಲನ್ನು ನಾನು ನವೆಂಬರ್ ಕೊನೆಯೊಳಗೆ ಎರೆದಿರಬೇಕು. ಡಿಸೆಂಬರ್ ಬಂದ ಮೇಲೆ ನಮ್ಮ ಮನೆಯಲ್ಲಿ ಮೇಣ ಕರಗಿಸುವುದಿಲ್ಲ, ಪ್ಯಾಕಿಂಗ್ ಮಾತ್ರ. ನಿಮ್ಮದು ಸಾಬೂನು, ಕಸೂತಿ, ಮರದ ಕೆಲಸ ಏನೇ ಇರಲಿ, ಇಂಥ ಒಂದು ‘ಇನ್ನು ಮಾಡುವುದು ಸಾಕು’ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ.

ಮೊದಲು ಖಾಲಿಯಾಗುವುದು ಮಾಲಲ್ಲ, ಡಬ್ಬಿ, ಟೇಪು, ಲೇಬಲ್ ರೋಲು. ಇವು ಕೆಡುವ ವಸ್ತುಗಳಲ್ಲ. ಅಕ್ಟೋಬರ್‌ನಲ್ಲೇ ತಂದು ಒಟ್ಟಿಬಿಡಿ. ಒಂದೇ ಮಾಲನ್ನು ವೆಬ್‌ಸೈಟ್‌ನಲ್ಲೂ ಇನ್ನೊಂದು ಮಾರುಕಟ್ಟೆ ಆ್ಯಪ್‌ನಲ್ಲೂ ಮಾರುತ್ತಿದ್ದರೆ ಎರಡೂ ಕಡೆ ಸ್ಟಾಕ್ ತಾನಾಗಿ ಕಡಿಮೆಯಾಗುತ್ತದಾ ನೋಡಿ. ಆಗುವುದಿಲ್ಲ ಅಂದರೆ ಮಾಲನ್ನು ಎರಡು ಪಾಲು ಮಾಡಿ ಬೇರೆ ಬೇರೆ ಇಡಿ. ಕೊನೆಯ ಒಂದನ್ನು ಇಬ್ಬರಿಗೆ ಮಾರಿ, ಒಬ್ಬರಿಗೆ ಇಲ್ಲ ಅನ್ನಬೇಕಾದ ಪರಿಸ್ಥಿತಿ ಬೇಡ.

ನಿಮ್ಮ ಅಂಗಡಿಯಲ್ಲಿ ನೀವೇ ಕೊಳ್ಳಿ

ನವೆಂಬರ್ ಶುರುವಿನಲ್ಲಿ ಒಂದು ಸಂಜೆ ಫೋನ್ ತೆಗೆದುಕೊಂಡು, ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನಿಮ್ಮ ಅಂಗಡಿಗೆ ಹೋಗಿ. ಲಾಗಿನ್ ಆಗಬೇಡಿ. ಗುರುತಿಲ್ಲದವರ ಹಾಗೆ ಒಂದು ವಸ್ತು ಹುಡುಕಿ, ಕಾರ್ಟ್‌ಗೆ ಹಾಕಿ, ನಿಮ್ಮದೇ ಕಾರ್ಡ್‌ನಿಂದ ನಿಜವಾಗಿ ಹಣ ಕಟ್ಟಿ. ಖಾತ್ರಿಯ ಇಮೇಲ್ ಬಂತಾ? ಇನ್‌ಬಾಕ್ಸ್‌ಗೆ ಬಂತಾ, ಸ್ಪ್ಯಾಮ್‌ಗಾ? ಸ್ಟಾಕ್‌ನಲ್ಲಿ ಒಂದು ಕಡಿಮೆಯಾಯಿತಾ? ಆಮೇಲೆ ಆರ್ಡರ್ ರದ್ದು ಮಾಡಿ, ಹಣ ವಾಪಸ್ ಬರುವವರೆಗೂ ನೋಡಿ. ಇದಾದ ಮೇಲೆ ಕಂಪ್ಯೂಟರ್ ಅಷ್ಟಾಗಿ ಬಳಸದ ಒಬ್ಬರ ಕೈಗೆ ಫೋನ್ ಕೊಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕೂತು ನೋಡಿ. ಅವರ ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ಕೆಲಸ ಇದೆ ಅಂತ ಅರ್ಥ.

ಆನ್‌ಲೈನ್ ಖರೀದಿಯನ್ನು ಅಧ್ಯಯನ ಮಾಡುವ ಬೇಮಾರ್ಡ್ ಇನ್‌ಸ್ಟಿಟ್ಯೂಟ್ ಲೆಕ್ಕದಂತೆ ಸರಾಸರಿ ಹತ್ತರಲ್ಲಿ ಏಳು ಕಾರ್ಟ್‌ಗಳು ಅರ್ಧಕ್ಕೇ ನಿಲ್ಲುತ್ತವೆ. ಕಾರಣಗಳಲ್ಲಿ ಮುಂದಿರುವುದು ಕೊನೆಯಲ್ಲಿ ದಿಢೀರನೆ ಸೇರುವ ಸಾಗಣೆ ವೆಚ್ಚ, ತೆರಿಗೆ ಇತ್ಯಾದಿ. ಖಾತೆ ತೆರೆಯಲೇಬೇಕು ಅನ್ನುವುದೂ ಒಂದು ಕಾರಣ. ಎರಡಕ್ಕೂ ಮದ್ದು ಸುಲಭ. ಸಾಗಣೆ ವೆಚ್ಚವನ್ನು ವಸ್ತುವಿನ ಪುಟದಲ್ಲೇ ಬರೆಯಿರಿ. ಖಾತೆ ಇಲ್ಲದೆ ಕೊಳ್ಳಲು ಬಿಡಿ.

ಫೋಟೋಗಳನ್ನು ನೋಡಿ. ಫೋನ್‌ನಿಂದ ನೇರ ಏರಿಸಿದ ಒಂದೊಂದು ಚಿತ್ರವೂ ಹಲವು ಎಂಬಿ ಇರುತ್ತದೆ. ಅಗಲ 1,500ರಿಂದ 2,000 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅಥವಾ ಜೆಪೆಗ್‌ನಲ್ಲಿ ಉಳಿಸಿದರೆ ಕೆಲವು ನೂರು ಕೆಬಿಗೆ ಬರುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣದು, ಪುಟ ಮಾತ್ರ ಬೇಗ ತೆರೆಯುತ್ತದೆ.

ಇಮೇಲ್ ವಿಷಯ ಸ್ವಲ್ಪ ತಾಂತ್ರಿಕ, ಆದರೆ ಬಿಡಬೇಡಿ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಕಳಿಸುವವರ ಮೇಲಿನ ನಿಯಮ ಬಿಗಿ ಮಾಡಿವೆ. ನಿಮ್ಮ ಡೊಮೇನ್‌ಗೆ, ಅಂದರೆ ವೆಬ್‌ಸೈಟ್ ಹೆಸರಿಗೆ, ಮೇಲ್ ನಿಜಕ್ಕೂ ನಿಮ್ಮಿಂದಲೇ ಬಂದದ್ದು ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ಮೂರು ದಾಖಲೆ ಸರಿಯಾಗಿ ಇಲ್ಲದಿದ್ದರೆ ಆರ್ಡರ್ ಖಾತ್ರಿಯ ಮೇಲ್ ಕೂಡ ಸ್ಪ್ಯಾಮ್‌ಗೆ ಹೋಗಬಹುದು. ಆಗ ‘ನನ್ನ ಆರ್ಡರ್ ಬಂತಾ?’ ಅನ್ನುವ ಮೆಸೇಜ್‌ಗಳಿಗೆ ಉತ್ತರಿಸುತ್ತಾ ದಿನ ಹೋಗುತ್ತದೆ. ಹೋಸ್ಟಿಂಗ್‌ನವರ ಸಹಾಯ ವಿಭಾಗಕ್ಕೆ ಈ ಮೂರು ಹೆಸರು ಹೇಳಿದರೆ ಏನು ಮಾಡಬೇಕು ಅಂತ ಅವರು ತಿಳಿಸುತ್ತಾರೆ.

ಡೊಮೇನ್ ಅವಧಿ ಯಾವತ್ತು ಮುಗಿಯುತ್ತದೆ, ಹೋಸ್ಟಿಂಗ್‌ಗೆ ಕೊಟ್ಟ ಕಾರ್ಡ್ ಚಾಲ್ತಿಯಲ್ಲಿದೆಯಾ, ಭದ್ರತೆಯ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ತಾನಾಗಿ ನವೀಕರಣ ಆಗುತ್ತದಾ, ಮೂರನ್ನೂ ನೋಡಿ. ಪೂರ್ತಿ ಬ್ಯಾಕಪ್ ಒಂದು ತೆಗೆದಿಡಿ. ನವೆಂಬರ್ ಮಧ್ಯದ ನಂತರ ಭದ್ರತೆಯ ಅಪ್‌ಡೇಟ್ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಹೊಸ ಥೀಮ್ ಎಷ್ಟೇ ಚೆಂದ ಇದ್ದರೂ ಜನವರಿವರೆಗೆ ಕಾಯಲಿ. ಪಾವತಿ ಸೇವೆಯವರಿಗೂ ಒಂದು ಮೇಲ್ ಹಾಕಿ, ಈ ವಾರಗಳಲ್ಲಿ ಆರ್ಡರ್ ಜಾಸ್ತಿ ಇರುತ್ತದೆ ಅಂತ ಮೊದಲೇ ತಿಳಿಸಿ. ವಹಿವಾಟು ಒಮ್ಮೆಲೇ ಏರಿದರೆ ಅನುಮಾನ ಬಂದು ಹಣ ತಡೆಹಿಡಿಯುವುದುಂಟು.

ಕೊಳ್ಳುವವರು ಬೇರೆ, ಬಳಸುವವರು ಬೇರೆ

ಡಿಸೆಂಬರ್‌ನ ಗ್ರಾಹಕರು ಬೇರೆಯವರಿಗಾಗಿ ಕೊಳ್ಳುತ್ತಾರೆ. ಅವರಿಗೆ ಕ್ಯಾಂಡಲ್ ಬಗ್ಗೆ ಏನೂ ಗೊತ್ತಿಲ್ಲದೆ ಇರಬಹುದು. ಆದ್ದರಿಂದ ವಸ್ತುವಿನ ವಿವರವನ್ನು ಅವರ ಪ್ರಶ್ನೆ ಇಟ್ಟುಕೊಂಡು ತಿರುಗಿ ಬರೆಯಿರಿ. ಎಷ್ಟು ದೊಡ್ಡದು? ಅಳತೆ ಬರೆಯಿರಿ, ಜೊತೆಗೆ ಕೈಯಲ್ಲಿ ಹಿಡಿದ ಫೋಟೋ ಹಾಕಿ. ಎಷ್ಟು ಗಂಟೆ ಉರಿಯುತ್ತದೆ? ಪರಿಮಳ ಘಾಟಾಗಿದೆಯಾ, ಹಗುರವಾ? ಚಿಕ್ಕ ಮಕ್ಕಳಿರುವ ಮನೆಗೆ ಕೊಡಬಹುದಾ? ಇವಕ್ಕೆ ಪುಟದಲ್ಲೇ ಉತ್ತರ ಸಿಕ್ಕರೆ ಅವರು ಅಲ್ಲೇ ಕೊಳ್ಳುತ್ತಾರೆ.

ಉಡುಗೊರೆಯ ಜೊತೆ ಒಂದೆರಡು ಸಾಲು ಬರೆಯಲು ಒಂದು ಚೌಕ ಕೊಡಿ. ಅದನ್ನು ನಿಮ್ಮ ಪ್ರಿಂಟರ್‌ನಲ್ಲಿ ಅಚ್ಚು ಹಾಕಿ ನೋಡಿ. ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದಾ? ಜನ ಬಳಸುವ ಇಮೋಜಿ ಅಚ್ಚಿನಲ್ಲಿ ಖಾಲಿ ಚೌಕವಾಗಿ ಬರುತ್ತದಾ? ಹಾಗಾದರೆ ಆ ಸಾಲುಗಳನ್ನು ಕೈಯಿಂದಲೇ ಬರೆಯಿರಿ. ನಾನು ಈಗ ಎಲ್ಲವನ್ನೂ ಕೈಯಿಂದಲೇ ಬರೆಯುವುದು. ಅಮ್ಮನಿಗೆ ಮಗಳು ಬರೆಸಿದ ಮಾತು ಬಿಲ್ಲಿನ ಅಕ್ಷರದಲ್ಲಿ ಹೋಗುವುದು ನನಗೆ ಸರಿ ಕಾಣಲಿಲ್ಲ.

ಬೆಲೆ ಇಲ್ಲದ ಬಿಲ್ ಇನ್ನೊಂದು ಮುಖ್ಯ ವಿಷಯ. ಡಬ್ಬಿಯೊಳಗೆ ಹೋಗುವ ಚೀಟಿಯಲ್ಲಿ ದರ ಇರಬಾರದು, ಬಿಲ್ ಕೊಂಡವರ ಇಮೇಲ್‌ಗೆ ಹೋಗಲಿ. ಹೊರದೇಶದ ಪಾರ್ಸೆಲ್‌ಗೆ ಮಾತ್ರ ಇದು ನಡೆಯದು, ಕಸ್ಟಮ್ಸ್ ಪತ್ರದಲ್ಲಿ ಬೆಲೆ ಬರೆಯಲೇಬೇಕು. ಅದನ್ನು ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ. ಹೊರಗಿನ ಡಬ್ಬಿ ಸಾದಾ ಇರಲಿ. ಮೇಲೆ ಕ್ಯಾಂಡಲ್ ಚಿತ್ರ ಇದ್ದರೆ ಬಾಗಿಲಲ್ಲೇ ಗುಟ್ಟು ರಟ್ಟಾಗುತ್ತದೆ.

ಪ್ಯಾಕಿಂಗ್

ಗಾಜು ಕಳಿಸುವವರು ಇಲ್ಲಿ ಸಮಯ ಕೊಡಲೇಬೇಕು. ಲೋಟಕ್ಕೆ ಮೊದಲು ಮುಚ್ಚಳ, ಆಮೇಲೆ ಸುಕ್ಕುಕಾಗದದ ಎರಡು ಸುತ್ತು. ಡಬ್ಬಿಯ ಆರೂ ಬದಿಗೆ ಎರಡು ಬೆರಳಿನಷ್ಟಾದರೂ ಮೆತ್ತನೆ ತುಂಬಿ. ಎರಡು ಲೋಟಗಳು ಒಂದಕ್ಕೊಂದು ತಾಗಕೂಡದು, ನಡುವೆ ರಟ್ಟು ಇಡಿ. ಮುಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಸದ್ದು ಬಂದರೆ ಇನ್ನೂ ತುಂಬಬೇಕು. ಆಮೇಲೆ ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬೀಳಿಸಿ. ಒಮ್ಮೆ ಚಪ್ಪಟೆಯಾಗಿ, ಒಮ್ಮೆ ಅಂಚಿನ ಮೇಲೆ, ಒಮ್ಮೆ ಮೂಲೆಯ ಮೇಲೆ. ತೆರೆದು ನೋಡಿ. ಒಡೆಯದಿದ್ದರೆ ಆ ಬಗೆಯ ಪ್ಯಾಕಿಂಗ್ ಸರಿ ಇದೆ. ಅದರ ಫೋಟೋ ತೆಗೆದು ಮೇಜಿನ ಎದುರು ಅಂಟಿಸಿ. ಸಹಾಯಕ್ಕೆ ಬಂದವರೂ ಹಾಗೇ ಮಾಡುತ್ತಾರೆ.

ಟೇಪನ್ನು ನಡುವಿನ ಸೀಳಿಗೆ ಒಂದು, ಎರಡು ತುದಿಗೆ ಒಂದೊಂದು ಹಾಕಿ. ಲೇಬಲ್ ಸೀಳಿನ ಮೇಲೆ ಬರದ ಹಾಗೆ ಅಂಟಿಸಿ. ವಿಳಾಸದ ಇನ್ನೊಂದು ಪ್ರತಿಯನ್ನು ಡಬ್ಬಿಯೊಳಗೂ ಹಾಕಿ. ಹೊರಗಿನದು ಹರಿದುಹೋದರೆ ಪಾರ್ಸೆಲ್‌ಗೆ ದಾರಿ ತೋರಿಸುವುದು ಅದೇ.

ಡಬ್ಬಿಯ ಗಾತ್ರಕ್ಕೂ ದುಡ್ಡು ಹೋಗುತ್ತದೆ. ಎಷ್ಟೋ ಕೊರಿಯರ್‌ಗಳು ಉದ್ದ, ಅಗಲ, ಎತ್ತರವನ್ನು ಸೆ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಗಾತ್ರದ ತೂಕ ತೆಗೆಯುತ್ತವೆ. ನಿಜವಾದ ತೂಕಕ್ಕಿಂತ ಅದು ಹೆಚ್ಚಿದ್ದರೆ ಅದಕ್ಕೇ ದರ. 30, 25, 20 ಸೆ.ಮೀ. ಡಬ್ಬಿ ಅಂದರೆ 3 ಕೆ.ಜಿ. ಲೆಕ್ಕ, ಒಳಗೆ ಒಂದೇ ಕೆ.ಜಿ. ಇದ್ದರೂ. ಅದೇ ಮಾಲು 24, 18, 12ರ ಡಬ್ಬಿಯಲ್ಲಿ ಕೂತರೆ 1 ಕೆ.ಜಿ.ಗೆ ತುಸು ಮೇಲೆ. ಎರಡು ಮೂರು ಅಳತೆಯ ಡಬ್ಬಿ ಇಟ್ಟುಕೊಳ್ಳುವ ತೊಂದರೆ ಸಾರ್ಥಕ. ನಿಮ್ಮ ಕೊರಿಯರ್ ಯಾವ ಸಂಖ್ಯೆಯಿಂದ ಭಾಗಿಸುತ್ತದೆ ಅಂತ ಕೇಳಿ, ಅದು ಎಲ್ಲರಿಗೂ ಒಂದೇ ಅಲ್ಲ.

ಬಿಸಿಯ ಬಗ್ಗೆಯೂ ಯೋಚಿಸಿ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಕ್ರಿಸ್‌ಮಸ್ ಬರುವುದು ಬೇಸಿಗೆಯಲ್ಲಿ. ಲೋಟಕ್ಕೆ ಎರೆಯುವ ಸೋಯಾ ಮೇಣ ಸುಮಾರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಅಷ್ಟು ಬಿಸಿ ಏರಬಲ್ಲದು.

ಡಿಸ್ಕೌಂಟ್ ಕೊಡಬೇಕಾ?

ನವೆಂಬರ್‌ನ ನಾಲ್ಕನೇ ಗುರುವಾರದ ಮರುದಿನ ಬ್ಲ್ಯಾಕ್ ಫ್ರೈಡೇ, ಎಲ್ಲರೂ ದರ ಇಳಿಸುತ್ತಾರೆ. ನೀವು ಇಳಿಸುವ ಮುಂಚೆ ಒಂದು ಲೆಕ್ಕ ಮಾಡಿ. 100ಕ್ಕೆ ಮಾರುವ ವಸ್ತುವಿಗೆ ನಿಮ್ಮ ಖರ್ಚು 60 ಇದ್ದರೆ ಉಳಿಯುವುದು 40. ಶೇ. 20 ಇಳಿಸಿ 80ಕ್ಕೆ ಮಾರಿದರೆ ಉಳಿಯುವುದು 20. ಅಷ್ಟೇ ಲಾಭಕ್ಕೆ ಎರಡು ಪಟ್ಟು ಮಾಡಬೇಕು, ಎರಡು ಪಟ್ಟು ಕಟ್ಟಬೇಕು. ಕೈಕೆಲಸದ ಸಣ್ಣ ಅಂಗಡಿಗೆ ಇದು ಹೇಳಿ ಮಾಡಿಸಿದ್ದಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಾನು ಬದಲಿಗೆ ಎರಡು ಮೂರು ವಸ್ತು ಸೇರಿಸಿ ಒಂದು ಗಿಫ್ಟ್ ಸೆಟ್ ಮಾಡುತ್ತೇನೆ. ಒಂದೇ ಡಬ್ಬಿ, ಒಂದೇ ಸಾಗಣೆ. ಕೊಳ್ಳುವವರಿಗೂ ಉಳಿತಾಯ, ನನಗೂ.

ತಡವಾದರೆ, ಮುಗಿದ ಮೇಲೆ

ಒಂದು ವರ್ಷ ಕೊರಿಯರ್‌ನವರ ವಿಂಗಡಣೆ ಕೇಂದ್ರದಲ್ಲಿ ನಮ್ಮ ಒಂದಿಷ್ಟು ಪಾರ್ಸೆಲ್‌ಗಳು ಕದಲದೆ ಕೂತುಬಿಟ್ಟವು. ಟ್ರ್ಯಾಕಿಂಗ್‌ನಲ್ಲಿ ದಿನಗಟ್ಟಲೆ ಅದೇ ಒಂದು ಸಾಲು. ಫೋನ್ ಮಾಡಿದರೆ ‘ಹೊರಡುತ್ತದೆ’ ಅನ್ನುವ ಉತ್ತರ ಬಿಟ್ಟು ಬೇರೇನೂ ಇಲ್ಲ. ಗ್ರಾಹಕರು ಕೇಳುವ ಮುಂಚೆಯೇ ಒಬ್ಬೊಬ್ಬರಿಗೂ ಬರೆದೆ: ಪಾರ್ಸೆಲ್ ಎಲ್ಲಿದೆ, ಯಾಕೆ ತಡ, ಬೇಡವಾದರೆ ಪೂರ್ತಿ ಹಣ ವಾಪಸ್. ಜೊತೆಗೆ ಅವರು ಕೊಂಡ ಕ್ಯಾಂಡಲ್‌ನ ಚಿತ್ರವಿರುವ ಒಂದು ಕಾರ್ಡ್, ಮನೆಯಲ್ಲೇ ಅಚ್ಚು ಹಾಕಿ 25ಕ್ಕೆ ಕೈಗೆ ಕೊಡುವಂಥದ್ದು, ‘ನಿನ್ನ ಉಡುಗೊರೆ ದಾರಿಯಲ್ಲಿದೆ’ ಅಂತ. ಹೆಚ್ಚಿನವರು ಹಣ ವಾಪಸ್ ಕೇಳಲಿಲ್ಲ. ಆ ಕಾರ್ಡ್‌ಗೆ ಥ್ಯಾಂಕ್ಸ್ ಹೇಳಿ ಬರೆದವರೂ ಇದ್ದರು. ಈಗ ಅಂಥ ಕಾರ್ಡ್, ಅಂಥ ಪತ್ರ ಎರಡನ್ನೂ ನವೆಂಬರ್‌ನಲ್ಲೇ ಬರೆದಿಡುತ್ತೇನೆ. ನೀವೂ ಬರೆದಿಡಿ. ಸುಸ್ತಾಗಿರುವ ರಾತ್ರಿ ಒಳ್ಳೆಯ ಪತ್ರ ಬರೆಯಲು ಆಗುವುದಿಲ್ಲ.

ಕೊನೆಯ ಆರ್ಡರ್ ದಿನ ಕಳೆದ ಬೆಳಿಗ್ಗೆ ಬ್ಯಾನರ್ ಬದಲಾಯಿಸಿ. ‘ಈಗ ಆರ್ಡರ್ ಮಾಡಿದರೆ ಕ್ರಿಸ್‌ಮಸ್ ನಂತರ ತಲುಪುತ್ತದೆ’ ಅಂತ ನೇರವಾಗಿ ಹೇಳಿ, ಪಕ್ಕದಲ್ಲೇ ಗಿಫ್ಟ್ ಕಾರ್ಡ್ ಇಡಿ. ಅದು ಇಮೇಲ್‌ನಲ್ಲಿ ಹೋಗುವುದರಿಂದ 24ರ ರಾತ್ರಿಯೂ ಮಾರಬಹುದು.

ವಾಪಸಾತಿ ನಿಯಮವನ್ನೂ ಸೀಸನ್‌ಗೆ ತಕ್ಕ ಹಾಗೆ ಬದಲಾಯಿಸಿ. ಡಿಸೆಂಬರ್ 5ಕ್ಕೆ ತಲುಪಿದ್ದನ್ನು 25ಕ್ಕೆ ತೆರೆದವರಿಗೆ 14 ದಿನದ ಗಡುವು ಆಗಲೇ ಮುಗಿದಿರುತ್ತದೆ. ನವೆಂಬರ್‌ನಿಂದ ಕೊಂಡ ಎಲ್ಲದಕ್ಕೂ ಜನವರಿ ಮಧ್ಯದವರೆಗೆ ಅವಕಾಶ ಕೊಡಿ. ಹಣ ಕೊಂಡವರಿಗೆ ಹೋಗುತ್ತದಾ, ಉಡುಗೊರೆ ಪಡೆದವರಿಗೆ ಬೇರೆ ವಸ್ತು ಕೊಡುತ್ತೀರಾ, ಅದನ್ನೂ ಬರೆಯಿರಿ.

26ಕ್ಕೆ ಒಂದು ದಿನ ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಿ. 27ಕ್ಕೆ ಕಪಾಟಿನಲ್ಲಿ ಉಳಿದದ್ದನ್ನು ಎಣಿಸಿ, ಯಾವುದು ಯಾವ ದಿನ ಖಾಲಿಯಾಯಿತು, ಟೇಪಿನ ಎಷ್ಟು ರೋಲು ಹೋಯಿತು, ಯಾವ ಊರಿಗೆ ಪಾರ್ಸೆಲ್ ತಡವಾಗಿ ಮುಟ್ಟಿತು, ಎಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ. ಜನವರಿ ಬಂದರೆ ಇದೆಲ್ಲ ಮರೆತುಹೋಗುತ್ತದೆ, ಸೆಪ್ಟೆಂಬರ್‌ನಲ್ಲಿ ಸರಬರಾಜುದಾರರಿಗೆ ಫೋನ್ ಮಾಡುವಾಗ ಆ ಹಾಳೆ ಬೇಕಾಗುತ್ತದೆ.